ಪಕ್ಕದ ಸೀಟಿನಲ್ಲಿ ಧೊಂಡಿಬಾ

ಧೊಂಡಿಬಾ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದವರು. ಒಂದೂ ಅಪಘಾತವಿಲ್ಲ. ನಿವೃತ್ತಿಯ ಬಳಿಕ ತಿಂಗಳಿಗೆ ಎರಡು ಭಾನುವಾರ ಬೀದರಿನಿಂದ ಔರಾದಿಗೆ ಕಾರಿನಲ್ಲಿ ಹೋಗಿ, ಅಲ್ಲಿನ ಸಣ್ಣ ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದರು. ಈ ಜನವರಿಯಲ್ಲಿ ಕಣ್ಣಿನ ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಎಂದರು. ಮಗಳು ಶೀತಲ ಲೈಸೆನ್ಸ್ ಮಾಡಿಸಿಕೊಂಡಳು.

ಮೊದಲ ಸಲ ಅವಳು ಭಾಲ್ಕಿಗೆ ಓಡಿಸಿದಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಧೊಂಡಿಬಾ ಪಕ್ಕದಿಂದ ಸ್ಟೀರಿಂಗ್ ಎಳೆದರು. ಕಾರು ರಸ್ತೆಬದಿಯ ಕಲ್ಲಿಗೆ ತಾಗಿತು. ಆಮೇಲೆ ಎರಡು ತಿಂಗಳು ಶೀತಲ ಕೀಲಿಕೈ ಮುಟ್ಟಲಿಲ್ಲ.

ಇವತ್ತು ಔರಾದಿಗೆ ಓಡಿಸಲು ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಒಂದು ಮಾತಾಡಿದ್ರೂ ಅಲ್ಲೇ ಇಳಿತೇನಿ, ಅಪ್ಪಾ. ಮತ್ತ ಜೀವನದಾಗ ಗಾಡಿ ಓಡಸೂದಿಲ್ಲ."

ಹಿಂದಿನ ಸೀಟಿನಿಂದ ಹೆಂಡತಿ ಸತ್ಯಮ್ಮ ನಕ್ಕರು. "ಅವರ ಬಾಯಿ ಮುಚ್ಚಸೂದು ಯೇಸುಸ್ವಾಮಿಗೇ ಆಗಿಲ್ಲ, ನಿನಗಾಗ್ತದೇನು? ಇವತ್ತಿನ ಪ್ರಸಂಗ ಏನ್ರೀ?"

"ಆತ್ಮಸಂಯಮ," ಎಂದರು ಧೊಂಡಿಬಾ. ತಾವು ತಂಬಾಕು ಬಿಟ್ಟ ಬಗ್ಗೆ ನಾಲ್ಕು ಹಾಳೆ ಬರೆದು ಜೇಬಿನಲ್ಲಿಟ್ಟಿದ್ದರು.

ಸಂತಪುರ ದಾಟಿದ ಮೇಲೆ ಕುರಿಹಿಂಡು ರಸ್ತೆಗೆ ಬಂತು. ಶೀತಲ ವೇಗ ತಗ್ಗಿಸಿದಳು, ಹಾರ್ನ್ ಹೊಡೆಯಲಿಲ್ಲ. ಧೊಂಡಿಬಾ ಆಗಿದ್ದರೆ ದೂರದಿಂದಲೇ ಹೊಡೆದು, ಸಂದಿಯಲ್ಲಿ ನುಗ್ಗುತ್ತಿದ್ದರು. ಅವರ ಕೈ ಹಾರ್ನಿನ ಕಡೆ ಅರ್ಧ ಹೋಯಿತು. ಅದನ್ನು ತೊಡೆಯ ಕೆಳಗೆ ತುರುಕಿ ಕೂತರು. ಬಲಗಾಲು ಮಾತ್ರ, ಅಲ್ಲಿ ಬ್ರೇಕ್ ಇಲ್ಲದಿದ್ದರೂ, ನೆಲವನ್ನು ಒತ್ತುತ್ತಲೇ ಇತ್ತು.

ಕಾರು ನಿಂತಿತು. ಶೀತಲ ಎಂಜಿನ್ ಆರಿಸಿದಳು. ಹಿಂಡು ದಾಟಿತು. ರಸ್ತೆ ಖಾಲಿಯಾದರೂ ಅವಳು ಹೊರಡಲಿಲ್ಲ. ಧೊಂಡಿಬಾರ ನಾಲಿಗೆ ತುದಿಗೆ ಮಾತು ಬಂದು ನಿಂತಿತು. ಅಷ್ಟರಲ್ಲಿ ಕುರಿಗಾಹಿ ಓಡಿಬಂದು ಮುಂದಿನ ಚಕ್ರದ ಹತ್ತಿರ ಬಗ್ಗಿ, ಒಂದು ಎಳೆಮರಿಯನ್ನು ಎತ್ತಿ ಹೆಗಲಿಗೇರಿಸಿಕೊಂಡ.

ಆ ಮರಿ ಧೊಂಡಿಬಾಗೆ ಕಂಡೇ ಇರಲಿಲ್ಲ.

ಔರಾದ ತಲುಪಿದಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಚರ್ಚಿನೊಳಗೆ ಹಾಡು ಶುರುವಾಗಿತ್ತು.

"ಈಗ ಮಾತಾಡ್ರಿ ಅಪ್ಪಾ. ಏನೇನು ತಪ್ಪು ಮಾಡಿದೆ?"

ಧೊಂಡಿಬಾ ಸೀಟ್ ಬೆಲ್ಟ್ ಬಿಚ್ಚಿದರು. "ಸಂಜಿಗೂ ನೀನೇ ಓಡಸ್ತೀ ಅಲ್ಲಾ?"

"ಕಾಲು ಮಡಚಿ ಕೂತ್ರ ಓಡಸ್ತೇನಿ. ಎಲ್ಲಾ ನೋಡೇನಿ ನಾ."

ಧೊಂಡಿಬಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಪ್ರಸಂಗವನ್ನು ಕುರಿಮರಿಯಿಂದ ಶುರು ಮಾಡಿದರು.