ಅಯಸ್ಕಾಂತಕ್ಕೆ ಅಂಟಿದ ಗುಂಡು

ಆರನೆಯ ಗುಂಡೂ ಅಯಸ್ಕಾಂತಕ್ಕೆ ಅಂಟಿಕೊಂಡಿತು. ಪ್ರತಿಮಾ ಅದನ್ನು ಕಿತ್ತು ಉಳಿದ ಐದರ ಪಕ್ಕದಲ್ಲಿಟ್ಟಳು. ಮೇಲೆ ತಾಮ್ರದ ಬಣ್ಣ ಬಳಿದುಕೊಂಡು ಥಳಥಳ ಹೊಳೆಯುತ್ತಿದ್ದವು, ಒಳಗೆ ಮಾತ್ರ ಉಕ್ಕು. ಅಂಥ ಗುಂಡನ್ನು ಈ ಶೂಟಿಂಗ್ ರೇಂಜಿನಲ್ಲಿ ಹಾರಿಸುವ ಹಾಗಿಲ್ಲ ಎಂದು ಬಾಗಿಲ ಮೇಲಿನ ಬೋರ್ಡಿನಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಬರೆದಿತ್ತು. ಓದಲು ಬರುವವರಿಗೂ ಅದನ್ನು ಓದಿ ಹೇಳುವ ಕರ್ಮ ಅವಳದು.

"ಇವು ಆಗಲ್ಲ ಸರ್," ಎಂದಳು.

ಕಲ್ಲುಕ್ವಾರಿಯ ದೇವರಾಜ್ ಅವಳತ್ತ ನೋಡಲೂ ಇಲ್ಲ. ಪಿಸ್ತೂಲಿನ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ, ಪಕ್ಕದಲ್ಲಿ ನಿಂತಿದ್ದ ರೇಂಜಿನ ಮಾಲೀಕ ಜಯಕುಮಾರನಿಗೆ ಹೇಳಿದ: "ಏನ್ಲಾ ಜಯ, ನಿನ್ ಕೆಲ್ಸದೋಳು ನಂಗೇ ಕಾನೂನು ಹೇಳ್ತಾವ್ಳೆ."

ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ರೇಷ್ಮೆ ನೂಲು ತೆಗೆಯುವ ಹಳೇ ಶೆಡ್ಡೊಂದನ್ನು ಕೊಂಡು, ಗೋಡೆಗೆ ರಬ್ಬರು ಹೊದಿಸಿ, ತುದಿಯಲ್ಲಿ ಉಕ್ಕಿನ ಹಲಗೆಯನ್ನು ಓರೆಯಾಗಿ ನಿಲ್ಲಿಸಿ ಜಯಕುಮಾರ್ ಈ ಶೂಟಿಂಗ್ ರೇಂಜ್ ಮಾಡಿದ್ದ. ಆ ಹಲಗೆ ಇದ್ದದ್ದು ಸೀಸದ ಗುಂಡಿಗೆ. ಸೀಸ ಮೆತ್ತಗೆ, ಬಡಿದ ಜಾಗದಲ್ಲೇ ಚಪ್ಪಟೆಯಾಗಿ ಉದುರುತ್ತದೆ. ಉಕ್ಕು ಹೋಗಿ ಉಕ್ಕಿಗೆ ಬಡಿದರೆ ಚೂರು ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಕಲ್ಲು ಒಡೆಸಿಯೇ ದೊಡ್ಡವನಾದ ದೇವರಾಜನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೇಳಿಕೊಡಬೇಕಿದ್ದರೂ ಮೂರು ತಿಂಗಳ ಹಿಂದೆಯೇ ಆ ಪಾಠ ಆಗಿಹೋಗಿತ್ತು. ಅವತ್ತು ಇದೇ ದೇವರಾಜ್ ಇಂಥವೇ ಗುಂಡು ತಂದಿದ್ದ. ಹಾರಿಸಿದ ನಾಲ್ಕನೆಯ ಗುಂಡಿನ ಚೂರು ಹಿಂದಕ್ಕೆ ಸಿಡಿದು, ಗುರಿಹಾಳೆ ಬದಲಾಯಿಸಲು ಗೋಡೆಯ ಬದಿಯಲ್ಲಿ ಕಾಯುತ್ತಿದ್ದ ಲೋಕೇಶನ ಬಲಗಣ್ಣಿಗೆ ಹೊಕ್ಕಿತು. ಲೋಕೇಶ ಕನ್ನಡಕ ಹಾಕಿದ್ದ. ರೇಂಜಿನವರೇ ಕೊಟ್ಟ, ಪಕ್ಕದಲ್ಲಿ ತೆರೆದುಕೊಂಡಿದ್ದ ಅಗ್ಗದ ಕನ್ನಡಕ. ಚೂರು ಕಿವಿಯ ಕಡೆಯಿಂದ ನುಗ್ಗಿತ್ತು. ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ಮಾತ್ರ ಕೆಲಸಗಾರ ಕನ್ನಡಕ ಧರಿಸಿರಲಿಲ್ಲ, ಗುಂಡುಗಳೆಲ್ಲ ನಿಯಮದಂತೆಯೇ ಇದ್ದವು ಎಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಹಾಕಿದ ಕೈ ಪ್ರತಿಮಾಳದೇ. ಹೇಳಿಕೆಯ ಕೆಳಗೆ ಸುರಕ್ಷಾ ಅಧಿಕಾರಿ ಎಂದು ಸಹಿ ಮಾಡಿದ್ದವಳು ಅವಳು.

ಜಯಕುಮಾರ್ ಅವಳನ್ನು ಪಕ್ಕಕ್ಕೆ ಕರೆದ. ದೇವರಾಜಣ್ಣ ಬೇಕಾದವರು, ಇವತ್ತೊಂದು ದಿನ, ಇಪ್ಪತ್ತು ಗುಂಡು ಅಷ್ಟೇ, ಯಾರನ್ನೂ ಒಳಗೆ ನಿಲ್ಲಿಸೋದೇ ಬೇಡ ಎಂದು ನಯವಾಗಿಯೇ ಶುರು ಮಾಡಿದ. ಅವಳು ತಲೆಯಾಡಿಸಲಿಲ್ಲ. ಹಾರಿಸುವವನೂ ಒಳಗೇ ಇರುತ್ತಾನಲ್ಲ, ಪಕ್ಕದಲ್ಲಿ ನಿಲ್ಲಬೇಕಾದ ನಾನೂ ಇರುತ್ತೇನಲ್ಲ ಎಂದಳು. ಆಗ ಅವನ ನಯ ಕಳಚಿಬಿತ್ತು.

"ಅವತ್ತು ಬಿಟ್ಟಿರ್ಲಿಲ್ವಾ ನೀವು? ಅಯಸ್ಕಾಂತ ಹಿಡಿದು ನೋಡಿ, ಗುಂಡು ಅಂಟಿದ್ರೂ ಅಯಸ್ಕಾಂತಾನ ವಾಪಸ್ ಜೇಬಿಗೆ ಹಾಕ್ಕೊಂಡಿದ್ದು ಯಾರು? ಸಹಿ ಹಾಕಿದ್ದು ಯಾರು, ನಾನಾ?"

ಪ್ರತಿಮಾಳ ಕೆನ್ನೆ ಕಿವಿಯವರೆಗೆ ಉರಿಯಿತು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದಕ್ಕೇ ಅಷ್ಟು ಉರಿ. ಬಿಡಿ ಎಂದು ಆಗ ಕಣ್ಣು ಮಿಟುಕಿಸಿದ್ದವನೇ ಈಗ ಸಾಕ್ಷಿ ಹೇಳುತ್ತಿದ್ದ. ಇವನ ಮೇಲೆ ಸಿಟ್ಟು ಬಂತು, ಪೆಟ್ಟಿಗೆ ಸವರುತ್ತ ನಗುತ್ತಿದ್ದ ಅವನ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ ಹಿಡಿದು ರಾಜ್ಯಕ್ಕೆ ಎರಡನೆಯವಳಾಗಿ ಬಂದು, ಕೊನೆಗೆ ಇಂಥವನ ಕಣ್ಸನ್ನೆಗೆ ಕುಣಿದ ಕುದೂರಿನ ಹುಡುಗಿಯ ಮೇಲೆ, ತನ್ನ ಮೇಲೆಯೇ.

"ಅವತ್ತು ಬಿಟ್ಟಿದ್ದಕ್ಕೇ ಇವತ್ತು ಬಿಡಲ್ಲ," ಎಂದಳು.

"ಹಂಗಾದ್ರೆ ನಾಳೆಯಿಂದ ಬರೋದು ಬೇಡ."

ಅವಳು ನಾಳೆಯವರೆಗೆ ಕಾಯಲಿಲ್ಲ. ಸುರಕ್ಷಾ ಅಧಿಕಾರಿ ಇಲ್ಲದೆ ಒಳಗೆ ಯಾರೂ ಟ್ರಿಗರ್ ಮುಟ್ಟುವಂತಿಲ್ಲ ಎಂಬುದು ಆ ರೇಂಜಿನ ಪರವಾನಗಿಯಲ್ಲೇ ಇತ್ತು. ಅಲ್ಲಿ ಇದ್ದ ಅಧಿಕಾರಿ ಅವಳೊಬ್ಬಳೇ. ಆಫೀಸಿನ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದ ತನ್ನ ಸರ್ಟಿಫಿಕೇಟನ್ನು ಸ್ಟೂಲು ಹತ್ತಿ ಇಳಿಸಿಕೊಂಡಳು, ಸೆರಗಿನಲ್ಲಿ ಧೂಳು ಒರೆಸಿದಳು. ದೇವರಾಜ್ ಮೊದಲ ಸಲ ಅವಳನ್ನು ನೇರ ನೋಡಿದ. ಜಯಕುಮಾರ್ ಮೇಡಂ, ಮೇಡಂ ಎನ್ನುತ್ತ ಗೇಟಿನವರೆಗೂ ಬಂದ. ಅಷ್ಟು ಹೊತ್ತಿಗೆ ಅವಳು ರಸ್ತೆ ದಾಟಿದ್ದಳು.

ಮಾಗಡಿಯ ಬಸ್ಸಿನಲ್ಲಿ ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಡವನ ಕೋಪ ದವಡೆಗೆ ಮೂಲ ಎಂದು ಅವ್ವ ಹೇಳುತ್ತಿದ್ದಳು. ಇರಲಿ, ದವಡೆ ತನ್ನದು ತಾನೆ. ಲೋಕೇಶನ ಕಣ್ಣಿನ ಲೆಕ್ಕದಲ್ಲಿ ಒಂದು ಕೆಲಸ ಹೋದದ್ದು ಯಾವ ದೊಡ್ಡ ವಿಷಯ? ಮಾಗಡಿಯಲ್ಲಿ ಇಳಿದು ಮನೆಯ ಕಡೆಯ ಬಸ್ಸು ಹತ್ತಲಿಲ್ಲ, ತಿಪ್ಪಸಂದ್ರದ ಬಸ್ಸು ಹತ್ತಿದಳು.

ಲೋಕೇಶ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ಬಲಗಣ್ಣಿನ ರೆಪ್ಪೆ ಒಳಕ್ಕೆ ಅಂಟಿತ್ತು. ಅವಳನ್ನು ಕಂಡು ಎದ್ದು ನಿಂತ. ಎದ್ದು ನಿಲ್ಲಬಾರದಿತ್ತು ಎನಿಸಿ ಅವಳಿಗೆ ಇನ್ನಷ್ಟು ಹಿಂಸೆಯಾಯಿತು. ಹೆಂಡತಿ ರಾಧಾಮಣಿ ಕೂರಲು ಹೇಳಿ, ಕಾಫಿ ಇಡಲು ಒಳಗೆ ಹೋಗುತ್ತ ಮಾತಾಡುತ್ತಲೇ ಇದ್ದಳು.

"ನೀವೇ ಹೇಳಿ ಮೇಡಮ್ಮೋರೆ, ಒಂದು ಕನ್ನಡ್ಕ ಹಾಕ್ಕಳಕ್ಕೆ ಏನು ರೋಗ ಬಂದಿತ್ತು ಈವಯ್ಯಂಗೆ? ಹಾಕಿದ್ದೆ ಅಂತ ಸುಳ್ಳು ಬೇರೆ ಹೇಳ್ತಿತ್ತು. ಪೋಲೀಸ್ನೋರೇ ಬರ್ಕಂಡವ್ರೆ, ಊರಿಗೆ ಊರೇ ನಗ್ತೈತೆ."

ಲೋಕೇಶ ತಲೆ ತಗ್ಗಿಸಿ ಒಂದು ಕಾಯಿ ಬಿಡಿಸಿದ. ಮೂರು ತಿಂಗಳಿಂದ ಅವನು ಈ ಮಾತು ಕೇಳುತ್ತಿದ್ದಾನೆ, ಉತ್ತರ ಕೊಡುವುದನ್ನೂ ಬಿಟ್ಟಿದ್ದಾನೆ ಎಂದು ಪ್ರತಿಮಾಳಿಗೆ ಆಗ ಗೊತ್ತಾಯಿತು. ಕಣ್ಣು ಹೋದದ್ದು ಒಂದಾದರೆ, ಮನೆಯೊಳಗೆ ಅವನ ಮಾತೇ ಹೋಗಿತ್ತು. ಅವಳು ಕೂರಲಿಲ್ಲ. ಅಂಗಳದಲ್ಲಿ ನಿಂತುಕೊಂಡೇ, ರಾಧಾಮಣಿ ಕಾಫಿ ಹಿಡಿದು ಹೊಸ್ತಿಲು ದಾಟುವವರೆಗೆ ಕಾದು, ಎಲ್ಲ ಹೇಳಿದಳು. ಗುಂಡು ಅಯಸ್ಕಾಂತಕ್ಕೆ ಅಂಟಿದ್ದು, ತಾನು ನೋಡಿಯೂ ಬಿಟ್ಟಿದ್ದು, ಅವನು ಕನ್ನಡಕ ಹಾಕಿದ್ದು, ಗೊತ್ತಿದ್ದೂ ತಾನು ಸಹಿ ಮಾಡಿದ್ದು.

ಲೋಕೇಶ ಅವರೆಕಾಯಿಯ ಮೊರವನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿದ.

"ಇದ್ನ ಇಲ್ಲಿ ಮಾತ್ರ ಹೇಳಕ್ ಬಂದ್ರಾ, ಟೇಸನ್ನಲ್ಲೂ ಹೇಳ್ತೀರಾ?"

"ಅಲ್ಲೂ ಹೇಳ್ತೀನಿ. ನಾಳೆ ಬೆಳಿಗ್ಗೆ."

"ಆಸ್ಪತ್ರೇಲಿ ನಿಮ್ ಕೈ ಹಿಡ್ಕಂಡು ಕೇಳಿದ್ದೆ. ನೀವಾದ್ರೂ ಹೇಳಿ, ನಾನು ಹಾಕಿರ್ಲಿಲ್ವಾ ಅಂತ. ನೀವು ಕಿಟಕೀ ಕಡೆ ನೋಡುದ್ರಿ."

ಪ್ರತಿಮಾ ಕ್ಷಮಿಸು ಎನ್ನಲು ಬಾಯಿ ತೆರೆದಳು. ಆ ಮಾತು ತನಗೇ ಅಸಹ್ಯ ಎನಿಸಿತು.

ರಾಧಾಮಣಿ ಹೊಸ್ತಿಲ ಮೇಲೆಯೇ ನಿಂತಿದ್ದಳು. ಅತಿಥಿಗೆಂದು ತಂದ ಕಾಫಿಯ ಲೋಟವನ್ನು ಅತಿಥಿಗೆ ಕೊಡಲಿಲ್ಲ. ಜಗಲಿಗೆ ಬಂದು ಗಂಡನ ಮುಂದೆ ಹಿಡಿದಳು. ಅವನು ಕೈ ಚಾಚಿದ. ಒಂದೇ ಕಣ್ಣಿಗೆ ದೂರದ ಅಳತೆ ಸಿಗದೆ ಬೆರಳುಗಳು ಲೋಟಕ್ಕೆ ಎರಡಂಗುಲ ಈಚೆಗೇ ಗಾಳಿಯನ್ನು ಹಿಡಿದು ಮುಚ್ಚಿಕೊಂಡವು. ಅವಳು ಅವನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಲೋಟದ ಸುತ್ತ ಒಂದೊಂದೇ ಬೆರಳನ್ನು ಕೂರಿಸಿದಳು.