ಅಕ್ಕನ ಹೆಸರಿನ ಚಪ್ಪಾಳೆ

ಆರು ತಿಂಗಳ ಇಂಟರ್ನ್‌ಶಿಪ್‌ಗೆಂದು ಜರ್ಮನಿಗೆ ಹೊರಟ ನನಗೆ ಒಂದೇ ವಾರದಲ್ಲಿ ಎರಡು ಸತ್ಕಾರ ನಿಗದಿಯಾಗಿದ್ದವು. ಭಾನುವಾರ ಭಾಲ್ಕಿಯಲ್ಲಿ, ಬುಧವಾರ ಔರಾದಿನಲ್ಲಿ. ಅದು 2016ರ ಜನವರಿ. ಮಳೆ ಕೈಕೊಟ್ಟು ಎರಡನೇ ವರ್ಷ. ನಮ್ಮೂರು ಮೆಹಕರದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಹೈದರಾಬಾದು, ಪುಣೆ ಎಂದು ಕೂಲಿ ಸಿಕ್ಕಲ್ಲಿಗೆ ಹೋಗಿದ್ದರು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾಗಿದ್ದ ಕಾಲದಲ್ಲೂ ಹೂವಿನ ಹಾರಕ್ಕೆ ಮಾತ್ರ ಬರವಿರಲಿಲ್ಲ. ಯಾವುದೋ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಕಲಿಯಲು ಹೋಗುವವನಿಗೆ ಇಷ್ಟೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ. ಸುಮ್ಮನೆ ಕೊರಳು ಒಡ್ಡಿದೆ.

ಭಾಲ್ಕಿಯ ಬುದ್ಧ ವಿಹಾರದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಪ್ಪ ನರಸಿಂಗನಿಗೆ ನೀಲಿ ಫೇಟಾ ಸುತ್ತಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಯಾರ್ಯಾರಿಗೆ ಧನ್ಯವಾದ ಹೇಳಬೇಕೆಂದು ಸಂಘಟಕರು ಒಂದು ಚೀಟಿ ಕೊಟ್ಟಿದ್ದರು. ಒಂದು ಸಹಿಗೆ ನನ್ನನ್ನು ಮೂರು ಸಲ ಓಡಾಡಿಸಿದ ಪುಢಾರಿಗೂ ಹೇಳಿದೆ, ನನ್ನ ಹೆಸರೇ ಗೊತ್ತಿಲ್ಲದ ಅಧ್ಯಕ್ಷರಿಗೂ ಹೇಳಿದೆ. ಕೊನೆಗೆ ಚೀಟಿಯಲ್ಲಿ ಇಲ್ಲದ ಹೆಸರು ನಾನೇ ಸೇರಿಸಿದೆ.

"ನಾನು ಓದಲೆಂದು ನನ್ನ ಅಕ್ಕ ಕಾಂತಾಬಾಯಿ ತನ್ನ ಓದನ್ನೇ ತ್ಯಾಗ ಮಾಡಿದಳು."

ಚಪ್ಪಾಳೆ ನಿಲ್ಲಲೇ ಇಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ಚೆಂದದ ತಮ್ಮ ನಾನು ಎಂದುಕೊಂಡೆ.

ಅಕ್ಕ ಸಭೆಗೆ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಗಂಡನ ಜೋಡಿ ಕಬ್ಬು ಕಡಿಯಲು ಹೋಗಿದ್ದಳು. ಕಬ್ಬು ಕಡಿಯುವವರಲ್ಲಿ ಒಬ್ಬರೇ ಇದ್ದರೆ ಕೆಲಸವಿಲ್ಲ. ಗಂಡ ಕಡಿಯಬೇಕು, ಕಡಿದದ್ದನ್ನು ಹೆಂಡತಿ ಸಿವುಡು ಕಟ್ಟಿ ಹೊರಬೇಕು. ಇಬ್ಬರೂ ಸೇರಿದರೆ, ಕೂಲಿಗಳನ್ನು ಗೊತ್ತುಮಾಡಿ ಕರೆದೊಯ್ಯುವ ಮುಕಾದಮನ ಬಾಯಲ್ಲಿ 'ಒಂದು ಕೋಯತಾ'. ಕೋಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ಒಬ್ಬನೇ ಬಂದವನು ಅರ್ಧ ಕೋಯತಾ, ಅವನನ್ನು ಟೋಳಿಗೆ, ಎಂದರೆ ಕಡಿಯುವವರ ಗುಂಪಿಗೆ, ಸೇರಿಸಿಕೊಳ್ಳುವುದಿಲ್ಲ. ಹನ್ನೆರಡು ವರ್ಷದ ಹಿಂದಿನ ಬರಗಾಲದಲ್ಲಿ ಅವ್ವ ಬಿದ್ದು ಸೊಂಟ ಮುರಿದುಕೊಂಡಾಗ ಅಪ್ಪ ಅರ್ಧ ಕೋಯತಾ ಆದ. ಏಳನೇ ಇಯತ್ತೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಅಕ್ಕ ಉಳಿದರ್ಧ ಆದಳು. ಐದನೇ ಇಯತ್ತೆಯಲ್ಲಿದ್ದ ನಾನು ಹಾಸ್ಟೆಲಿಗೆ ಹೋದೆ. ಎರಡು ವರ್ಷಕ್ಕೆ ಅವ್ವ ಎದ್ದು ಮತ್ತೆ ಅಪ್ಪನ ಜೋಡಿ ಹೊರಟಳು. ಅಕ್ಕ ಶಾಲೆಗೆ ವಾಪಸು ಬರಲಿಲ್ಲ. ಜೋಡಿಯಿಲ್ಲದೆ ಕೂತಿದ್ದ ಮಾಣಿಕನ ಮನೆಯವರು ಕೇಳಿಕೊಂಡು ಬಂದರು, ಹದಿನೈದಕ್ಕೇ ಅವಳ ಮದುವೆಯಾಯಿತು. ಅವ್ವ ಈಗ ಇಲ್ಲ.

ಸೋಮವಾರ ಸತ್ಕಾರದ ಶಾಲು ಚೀಲದಲ್ಲಿಟ್ಟುಕೊಂಡು ಸಾಯಗಾಂವಕ್ಕೆ ಹೋದೆ. ಮಾಂಜ್ರಾ ನದಿಯ ದಂಡೆಯಲ್ಲಿ ಇನ್ನೂ ಹಸಿರು ಉಳಿದಿದ್ದ ಒಂದೆರಡು ಹೊಲಗಳಲ್ಲಿ ಅವಳ ಟೋಳಿ ಇಳಿದಿತ್ತು. ಮಾಣಿಕ ಭಾವ ಆಚೆ ಬದಿಯಲ್ಲಿ ಕಡಿಯುತ್ತಿದ್ದ. ಅಕ್ಕ ನನ್ನನ್ನು ನೋಡಿ "ಬಾ, ಕೂಡು" ಎಂದಳು. ಅವಳ ಕೈ ನಿಲ್ಲಲಿಲ್ಲ.

ಶಾಲು ಕೊಟ್ಟೆ. "ಅಕ್ಕ, ನಿನ್ನ ಹೆಸರು ಹೇಳ್ದಾಗ ಎಲ್ಲಕ್ಕಿಂತ ಜಾಸ್ತಿ ಚಪ್ಪಾಳಿ ಬಿತ್ತು."

"ನೋಡೇನಿ. ನಿಮ್ಮ ಭಾವನ ಮೊಬೈಲಿಗಿ ವಿಡಿಯೋ ಬಂದದ."

"ಚಲೋ ಆಗ್ಯಾದಾ?"

"ದತ್ತು, ತ್ಯಾಗ ಅಂದ್ರ ಏನೋ?"

ನಾನು ನಕ್ಕೆ. ಅವಳು ನಗಲಿಲ್ಲ. "ಖರೇ ಕೇಳ್ಲತ್ತೀನಿ. ನೀ ಕಲತಾಂವ ಇದ್ದಿ, ಹೇಳು."

"ನಮ್ದು ಇದ್ದಿದ್ದು ಬ್ಯಾರೆದೋರ ಸಲುವಾಗಿ ಬಿಟ್ಟು ಕೊಡೋದು."

"ನಾ ಯಾವಾಗ ಬಿಟ್ಟು ಕೊಟ್ಟೇನಿ? ಕೊಡ್ತಿ ಏನವ್ವ ಅಂತ ನನಗ ಯಾರು ಕೇಳ್ಯಾರ?"

ಅಕ್ಕ ಸಿವುಡಿನ ಗಂಟು ಬಿಗಿದು ಕೂತಳು.

"ಆ ದಿನ ಮುಕಾದಮ ಬಾಗಿಲಾಗ ನಿಂತಿದ್ದ. ಇಬ್ಬರು ಮಕ್ಕಳಾಗ ಒಬ್ಬರು ನನ್ನ ಜೋಡಿ ಬರಬೇಕು ಅಂತ ಅಪ್ಪ ಅಂದ. ನಾ ನೀರಿಗಿ ಹೋಗಿದ್ದೆ. ಕೊಡ ಇಳಸೋದ್ರಾಗ ಮಾತು ಮುಗದಿತ್ತು. ಅಕ್ಕ ಹೋಗ್ಲಿ, ಆಕಿಗಿ ಸಿವುಡು ಕಟ್ಟಲಿಕ್ಕಿ ಬರ್ತದ ಅಂತ ನೀ ಅಂದಿ. ಅವ್ವ ಸಾಯೋ ಮುಂದ ನನಗ ಹೇಳ್ಯಾಳ."

ನೆನಪಿಲ್ಲ ಅನ್ನೋಣವೆಂದು ಬಾಯಿ ತೆರೆದೆ. ಆದರೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಕಬ್ಬಿನ ಗರಿ ಮೈ ಕೊಯ್ಯುತ್ತದೆಂದು ನನಗೆ ಹೆದರಿಕೆಯಿತ್ತು, ಹಾಗೆ ಹೇಳಿದರೆ ನಾನು ಉಳಿದುಕೊಳ್ಳುತ್ತೇನೆ ಎಂಬುದೂ ಗೊತ್ತಿತ್ತು.

"ನೀ ಆವಾಗ ಸಣ್ಣಾಂವ," ಎಂದಳು ಅಕ್ಕ. "ಅದಕ್ಕ ನನಗ ಸಿಟ್ಟಿಲ್ಲ. ಸಿಟ್ಟು ಈಗಿಂದು. ಕಸಗೊಂಡಿದ್ದಕ್ಕ ಕೊಟ್ಟಾಳ ಅಂತ ಮೈಕಿನಾಗ ಹೇಳ್ತಿ. ಸಾಲಿ ಅಂದ್ರ ನನಗ ಇವತ್ತಿಗೂ ಹೊಟ್ಟಿ ಉರಿತದ. ಅದನ್ನ ಈಗ ಯಾರ ಮುಂದ ಹೇಳ್ಲಿ? ದೊಡ್ಡಾಕಿ ಮಾಡಿ ಕುಂದರ್ಸಿಬಿಟ್ಟಿ."

"ಬುಧವಾರ ಔರಾದನಾಗ ಏನನ್ಲಿ ಹೇಳು."

"ನಮ್ಮಕ್ಕಗ ಸಾಲಿ ಬಿಡಿಸಿದೇವು ಅನ್ನು. ಅಷ್ಟೇ. ಮ್ಯಾಲ ಏನೂ ಹಚ್ಚಬ್ಯಾಡ."

"ಅಂತೀನಿ ಅಕ್ಕ."

"ಅಪ್ಪನ ಮುಂದೂ?"

"ಅಪ್ಪನ ಮುಂದೂ ಅಂತೀನಿ."

ಆಗ ಮೊದಲ ಸಲ ನನ್ನ ಮುಖ ನೋಡಿದಳು. ನಂಬಿದಳು ಎಂದೇ ಈಗಲೂ ಅನಿಸುತ್ತದೆ. ಶಾಲನ್ನು ಸುರುಳಿ ಸುತ್ತಿ ತಲೆಯ ಮೇಲೆ ಸಿಂಬಿ ಮಾಡಿಕೊಂಡು, ಸಿವುಡು ಎತ್ತಲು ನನ್ನ ಕೈ ಕೇಳಿದಳು. ಎತ್ತಿ ಕೊಟ್ಟೆ. ಹೊತ್ತುಕೊಂಡು ಟ್ರಾಲಿಯ ಕಡೆ ನಡೆದಳು.

ಔರಾದಿನಲ್ಲಿ ಅಪ್ಪನನ್ನು ವೇದಿಕೆಯ ಮೇಲೆಯೇ ಕೂರಿಸಿದರು. ಹೊಸ ಧೋತರ ಉಟ್ಟಿದ್ದ. ಜೀವನವಿಡೀ ಕಬ್ಬಿನ ಹೊಲದಲ್ಲಿ ಬಾಗಿದವನಿಗೆ ಕುರ್ಚಿಗೆ ಬೆನ್ನು ತಾಗಿಸಿ ಕೂರುವುದು ಗೊತ್ತಾಗದೆ ತುದಿಯಲ್ಲೇ ಕೂತಿದ್ದ. ಮುಖ್ಯ ಅತಿಥಿ, ಇಂಥ ತಂದೆ ಮನೆಗೊಬ್ಬರಿರಬೇಕು ಎಂದರು. ಅಪ್ಪ ತಲೆ ತಗ್ಗಿಸಿ ಎಲ್ಲರಿಗೂ ಕೈ ಮುಗಿದ.

ನನ್ನ ಸರದಿ ಬಂತು. ಚೀಟಿಯ ಹೆಸರುಗಳನ್ನು ಓದಿ ಮುಗಿಸಿದೆ. "ನಮ್ಮ ಅಕ್ಕನಿಗೆ..." ಎಂದು ಶುರು ಮಾಡಿ ನಿಂತೆ. ಅಪ್ಪ ನನ್ನ ಕಡೆ ತಿರುಗಿದ. ಜನ ಕಾಯುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಖಂಡಿತ ಬಂದಿತ್ತು.

"ನಮ್ಮ ಅಕ್ಕನಿಗೆ ನಾನು ಚಿರಋಣಿ. ನನಗಾಗಿ ಅವಳು ತನ್ನ ಓದನ್ನೇ ತ್ಯಾಗ ಮಾಡಿದಳು."

ಭಾಲ್ಕಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಅಪ್ಪನ ಮರ್ಯಾದೆ ಉಳಿಸಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಪ್ಪನ ಹೆಸರು ನೆವಕ್ಕೆ ಮಾತ್ರ. ಆ ಹಾರ ನನ್ನ ಕೊರಳಲ್ಲಿ ಇನ್ನೊಂದಿಷ್ಟು ಹೊತ್ತು ಇರಲಿ ಎಂದು ನನಗೇ ಆಸೆಯಿತ್ತು. ಥೂ, ನಾನು ಅಂಥವನು.

ಮರುದಿನ ಮಧ್ಯಾಹ್ನ ಬೀದರಿನ ಮೈಲೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಬಟ್ಟೆ ತುಂಬುತ್ತಿದ್ದೆ. ಅಕ್ಕನ ಫೋನು ಬಂತು.

"ವಿಡಿಯೋ ಬಂತು," ಎಂದಳು.

"ಅಪ್ಪ ಸ್ಟೇಜ್ ಮ್ಯಾಲೇ ಇದ್ದ ಅಕ್ಕ. ಅಪ್ಪನ ಮಾರಿ ನೋಡಿ ಬಾಯಿ ಏಳಲಿಲ್ಲ."

ಆಚೆಯಿಂದ ಕಬ್ಬು ಕಡಿಯುವ ಸಪ್ಪಳ ಕೇಳುತ್ತಿತ್ತು.

"ಅಲ್ಲಿ ಭಾಳ ಥಂಡಿ ಇರ್ತದಂತ. ಬೆಚ್ಚಗಿರು," ಎಂದಳು. "ಟ್ರಾಲಿ ಬಂದದ, ಇಡ್ತೇನಿ."

ಜರ್ಮನಿಯಿಂದ ನಾಲ್ಕೈದು ಸಲ ಫೋನು ಮಾಡಿದೆ. ಪ್ರತಿ ಸಲವೂ ಭಾವನೇ ಎತ್ತಿದ. ಆಕಿ ಕೆಲಸದಾಗ ಇದಾಳ ಎಂದ. ಆರು ತಿಂಗಳು ಮುಗಿಸಿ ಬಂದ ಮೇಲೆ ಅಕ್ಕ ಮನೆಗೆ ಊಟಕ್ಕೆ ಕರೆದಳು. ಈಗಲೂ ಕರೆಯುತ್ತಾಳೆ. ರೊಟ್ಟಿ ತಟ್ಟಿ ಬಿಸಿಬಿಸಿ ಹಾಕುತ್ತಾಳೆ. ಅಕ್ಕಪಕ್ಕದವರು ನನ್ನನ್ನು ನೋಡಲು ಬರುತ್ತಾರೆ, ತಮ್ಮನ ಸಲುವಾಗಿ ಸಾಲಿ ಬಿಟ್ಟಾಕಿ ಎಂದು ಅವಳನ್ನು ಹೊಗಳುತ್ತಾರೆ. ನಾನು ತಟ್ಟೆ ನೋಡುತ್ತ ಕೂರುತ್ತೇನೆ.

"ಹೌದ್ರಿ," ಎನ್ನುತ್ತಾಳೆ ಅಕ್ಕ, "ನಾನೇ ಬಿಟ್ಟೇನ್ರಿ."