ಅಗಸಿ ಹಿಂಡಿ ಯಾರ ಕೈದು?

ಗಂಡ ದೌಲಪ್ಪನ ಹೆಣಕ್ಕೆ ಬಿಸಿನೀರು ಹಾಕುತ್ತಿದ್ದ ಚಂದಮ್ಮನ ಕೈ ಅಂಗಳದ ಮಾತು ಕೇಳಿ ನಿಂತಿತು.

"ಕಲಬುರ್ಗಿ ಕೋಟಿ ಮುಂದ ದೌಲಪ್ಪನ ಸಿಂದಿ ಅಂಗಡಿ ಅಂದ್ರ ಏನ್ ಗದ್ದಲ ಇತ್ತಪಾ!" ಎಂದ, ಅಲ್ಲಿ ದಿನಾ ಕುಡಿಯುತ್ತಿದ್ದ ಖಂಡೆಪ್ಪ. "ಈಗ ಅಲ್ಲಿ ಹತ್ತಿ ಗೋದಾಮು ಅದ. ಒಂದು ಗೋಡಿ ಸುದ್ದಾ ಉಳಿದಿಲ್ಲ."

"ಸಿಂದಿ ಎಲ್ಲಾ ಕಡಿ ಸಿಗ್ತದ," ಎಂದ ಅವನ ಜೊತೆಗಾರ ಭೀಮಶಾ. "ನೂರಜಹಾನ್ ಆಪಾನ ಅಗಸಿ ಹಿಂಡಿ ಎಲ್ಲಿ ಸಿಗಬೇಕು?"

ಚಂದಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಗಂಡ ಸತ್ತ ದಿನವೂ ಅವಳ ಹೆಸರೇ!

*

ಹಿಂಡಿ ಚಂದಮ್ಮನದು. ಕಮಲಾಪುರದ ಈ ಮನೆಯಲ್ಲಿ ಅಗಸಿ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ, ಗಡಿಗೆ ತುಂಬಿ ಸಂತೆಯ ಬಂಡಿಯಲ್ಲಿ ಕಳಿಸುತ್ತಿದ್ದವಳು ಅವಳು. ಅಂಗಡಿಯಲ್ಲಿ ಬಡಿಸಿ ಹೊಗಳಿಸಿಕೊಂಡವಳು ಅಲ್ಲಿ ಕೆಲಸಕ್ಕಿದ್ದ ನೂರಜಹಾನ್.

"ನನ್ನ ಕೈದಂತ ಮಂದಿಗಿ ಹೇಳೀರಿಲ್ರಿ?" ಎಂದು ಒಮ್ಮೆ ಗಂಡನನ್ನು ಕೇಳಿದ್ದಳು.

"ಹಿಂಡಿ ಕುಟ್ಟು, ಸುಮ್ಮ ಕೂಡು," ಎಂದು ದೌಲಪ್ಪ ಮುಖ ತಿರುಗಿಸಿದ್ದ. ಅಂದಿನಿಂದ ಚಂದಮ್ಮನಿಗೆ ಆ ಹೆಂಗಸಿನ ಮೇಲೆ ಸಂಶಯ. ನಿಜಾಮರ ಸರ್ಕಾರದ ಹರಾಜಿನಲ್ಲಿ ಅಂಗಡಿ ಬೇರೆಯವರ ಪಾಲಾದಾಗ ಕುಡಿಯುವವರೆಲ್ಲ ಮರುಗಿದರು. ಚಂದಮ್ಮ ಒಳಗೊಳಗೇ ಹಿಗ್ಗಿದಳು.

*

ಮಣ್ಣು ಮಾಡಿ ಬರುವಷ್ಟರಲ್ಲಿ ನೂರಜಹಾನ್ ಕಲಬುರಗಿಯಿಂದ ಬಂದು ಇಳಿದಿದ್ದಳು. ತಲೆ ಪೂರ್ತಿ ಹಣ್ಣಾಗಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ, ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಚಂದಮ್ಮ ಬಾ ಎನ್ನಲೂ ಇಲ್ಲ.

ಖಂಡೆಪ್ಪ ಆಸೆಯಿಂದ ಒಂದು ತುತ್ತು ಬಾಯಿಗಿಟ್ಟ. ಮುಖ ಹುಳ್ಳಗಾಯಿತು.

"ಆಪಾ, ಆ ರುಚಿ ಇಲ್ಲಲ್ಲ!"

"ಆ ಹಿಂಡಿ ನನ್ನ ಕೈದು ಯಾವಾಗಿತ್ತಪಾ? ಈ ಅಕ್ಕಂದು." ನೂರಜಹಾನ್ ಚಂದಮ್ಮನ ಕಡೆ ತಿರುಗಿದಳು. "'ಕುಡುಕರ ಬಾಯಾಗ ನನ್ನ ಹೆಂಡತಿ ಹೆಸರು ಬರಬಾರ್ದು' ಅಂತ ನಿನ್ನ ಗಂಡ ನನ್ನ ಕಡಿಂದ ಆಣಿ ಮಾಡಿಸಿದ್ದ ಅಕ್ಕಾ. ಯಾರಾದ್ರೂ ಹಿಂಡಿ ಹೊಗಳಿದ್ರ ಸಾಕು, ಕೂತಲ್ಲೇ ಉರ್ಕೋತಿದ್ದ."

ಅಯ್ಯೋ, ಹೊಟ್ಟೆಕಿಚ್ಚು ಅವನದೂ ಆಗಿತ್ತೇ!

ಚಂದಮ್ಮ ಒಳಗೆ ಹೋಗಿ ತನ್ನ ಹಿಂಡಿಯ ಗಡಿಗೆ ತಂದಳು. ಮೊದಲು ನೂರಜಹಾನಳ ರೊಟ್ಟಿಗೆ ಹಾಕಿದಳು, ಆಮೇಲೆ ಗಂಡಸರಿಗೆ.

"ಇದಾ ನೋಡು, ಇದಾ! ಚಂದಮ್ಮನ ಹಿಂಡಿ ಅಂದ್ರ ಹಿಂಡಿ!" ಖಂಡೆಪ್ಪ ಬೆರಳು ನೆಕ್ಕಿದ.

"ಚಂದಮ್ಮ ವೈನಿ, ನನಗಿನ್ನೊಂದೀಟು," ಎಂದು ಭೀಮಶಾ ರೊಟ್ಟಿ ಚಾಚಿದ.

ಚಂದಮ್ಮ ಗೂಟಕ್ಕೆ ತೂಗುತ್ತಿದ್ದ ಗಂಡನ ರುಮಾಲಿನ ಕಡೆ ನೋಡಿದಳು. ಕಣ್ಣು ತುಂಬಿತ್ತು.

"ಕೇಳ್ಸಿತೇನ್ರಿ?" ಎಂದಳು. "ಉರ್ಕೋರಿ ಈಗ."

ಗಡಿಗೆಯನ್ನೇ ಎತ್ತಿ ಭೀಮಶಾನ ರೊಟ್ಟಿಯ ಮೇಲೆ ಬೋರಲು ಹಾಕಿದಳು.